ಕಿವಿ ಮಂದವಿರುವ ಪುಟ್ಟ ಮಗುವಿಗೆ ಸರಿಯಾದ ಶಾಲಾ ನೆರವು: ನರಸಿಂಹರಾಜಪುರ ತಾಲ್ಲೂಕಿನ ಪೋಷಕರು ಮತ್ತು ಶಿಕ್ಷಕರಿಗೆ ಒಂದು ವಿವರಣೆ

ಮಲೆನಾಡಿನಲ್ಲಿ ಶಾಲೆಗಳು ಪುನರಾರಂಭವಾಗುವುದೂ ಮುಂಗಾರು ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಅಂಗನವಾಡಿಯಿಂದ ಒಂದನೆಯ ತರಗತಿಗೆ ಬಂದ ಮಗು ಹೊಸ ಕೊಠಡಿ, ಹೊಸ ಶಿಕ್ಷಕರು, ಹೊಸ ಪದಗಳ ನಡುವೆ ಕುಳಿತಿರುವಾಗ ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿರುತ್ತದೆ. ಕಿವಿ ಚೆನ್ನಾಗಿರುವ ಮಕ್ಕಳಿಗೇ ಆ ಹೊತ್ತಿನಲ್ಲಿ ಪಾಠ ಅರ್ಧಂಬರ್ಧ ಕೇಳಿಸುತ್ತದೆ. ಶ್ರವಣಶಕ್ತಿ ಸ್ವಲ್ಪ ಕುಂದಿರುವ ಮಗುವಿಗಾದರೋ ಶಿಕ್ಷಕರ ತುಟಿಗಳ ಚಲನೆಯೊಂದೇ ಉಳಿಯುತ್ತದೆ. ಪೂರ್ಣವಾಗಿ ಕೇಳಿಸದ ಮಗುವನ್ನು ಮನೆಯವರು ಬಹುಬೇಗ ಗುರುತಿಸುತ್ತಾರೆ. ಸ್ವಲ್ಪ ಕೇಳಿಸುವ, ಸ್ವಲ್ಪ ಕೇಳಿಸದ ಮಗುವೇ ಎಲ್ಲರ ಗಮನದಿಂದ ತಪ್ಪಿಹೋಗುವುದು. ಹೆಸರು ಕರೆದರೆ ಒಮ್ಮೆ ತಿರುಗುತ್ತದೆ, ಇನ್ನೊಮ್ಮೆ ತಿರುಗುವುದಿಲ್ಲ. ಆದ್ದರಿಂದ 'ಹಟಮಾರಿ', 'ಮಾತು ತಡ', 'ಗಮನವಿಲ್ಲ', 'ಓದಿನಲ್ಲಿ ಹಿಂದೆ' ಎಂಬ ಹೆಸರುಗಳು ಒಂದರ ಮೇಲೊಂದು ಅಂಟಿಕೊಳ್ಳುತ್ತವೆ. ಮಗು ಮೂರನೆಯ ತರಗತಿಗೆ ಬರುವ ಹೊತ್ತಿಗೆ ಈ ಹೆಸರುಗಳನ್ನು ಅದೂ ನಂಬಿರುತ್ತದೆ.

ಇಂತಹ ಮಗುವಿಗೆ ಯಾವ ಶಾಲೆ, ಯಾವ ನೆರವು ಸೂಕ್ತ, ಅದನ್ನು ನರಸಿಂಹರಾಜಪುರ ಮತ್ತು ನೆರೆಯ ಕೊಪ್ಪ, ಶೃಂಗೇರಿ ತಾಲ್ಲೂಕುಗಳಲ್ಲಿ ಯಾರ ಬಳಿ ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಷ್ಟು ಕೇಳಿಸುತ್ತದೆ ಎಂಬುದರ ಅರ್ಥ

ಶ್ರವಣ ಪರೀಕ್ಷೆಯ ವರದಿಯನ್ನು ಆಡಿಯೋಗ್ರಾಮ್ ಎನ್ನುತ್ತಾರೆ. ಮಗುವಿಗೆ ಕೇಳಿಸುವ ಅತ್ಯಂತ ಮೆಲುದನಿ ಎಷ್ಟು ಡೆಸಿಬೆಲ್ ಎಂಬುದನ್ನು ಅದು ಪ್ರತಿ ಕಿವಿಗೂ, ಪ್ರತಿ ಸ್ವರಮಟ್ಟಕ್ಕೂ ಬೇರೆಬೇರೆಯಾಗಿ ತೋರಿಸುತ್ತದೆ. ಒಂದು ಮೀಟರ್ ದೂರದಲ್ಲಿ ಆಡುವ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದಂತೆಲ್ಲ ದನಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಗೋಡೆಗಳಿರುವ ಕೊಠಡಿಯಲ್ಲಿ ಕುಗ್ಗುವುದು ತುಸು ಕಡಿಮೆಯಾದರೂ ಮಾತಿನ ಜೊತೆಗೆ ಅದರ ಮರುದನಿಯೂ ಬೆರೆಯುತ್ತದೆ. 50 ಡೆಸಿಬೆಲ್‌ನಷ್ಟು ಶ್ರವಣನಷ್ಟವಿರುವ ಮಗು ತಾಯಿಯ ತೊಡೆಯ ಮೇಲೆ ಕುಳಿತಾಗ ಕೇಳಿಸಿಕೊಂಡು ಉತ್ತರಿಸುವುದೂ, ಅದೇ ಮಗು ಕೊಠಡಿಯ ಹಿಂದಿನ ಸಾಲಿನಲ್ಲಿ ಏನೂ ತಿಳಿಯದೆ ಕೂರುವುದೂ ಇದೇ ಕಾರಣಕ್ಕೆ. 'ಮನೆಯಲ್ಲಿ ಸರಿಯಾಗಿಯೇ ಮಾತಾಡುತ್ತದಲ್ಲ' ಎಂಬ ತಾಯಿಯ ಮಾತೂ ನಿಜ, 'ತರಗತಿಯಲ್ಲಿ ಬಾಯಿ ಬಿಡುವುದಿಲ್ಲ' ಎಂಬ ಶಿಕ್ಷಕರ ಮಾತೂ ನಿಜ.

ಮಂದ ಶ್ರವಣವೆಂದರೆ ಎಲ್ಲ ಧ್ವನಿಗಳೂ ಒಂದೇ ಸಮನಾಗಿ ಮೆಲ್ಲಗಾಗುವುದೆಂದು ತಿಳಿಯಬಾರದು. ಬಹಳ ಮಕ್ಕಳಲ್ಲಿ ಅ, ಆ, ಊ ಮೊದಲಾದ ಸ್ವರಗಳು ಕೇಳಿಸುತ್ತವೆ. ಸ, ಶ, ಚ, ತ ಮೊದಲಾದ ಹೆಚ್ಚು ಕಂಪನಾಂಕದ ವ್ಯಂಜನಗಳು ಕೇಳಿಸುವುದಿಲ್ಲ. ಕನ್ನಡದಲ್ಲಿ ಇದರ ಪರಿಣಾಮ ವಿಶೇಷವಾದುದು. ನಮ್ಮ ಭಾಷೆಯಲ್ಲಿ ಅರ್ಥದ ಬಹುಭಾಗ ಪದದ ಕೊನೆಯಲ್ಲಿರುತ್ತದೆ: ಮನೆಗೆ, ಮನೆಯಲ್ಲಿ, ಮನೆಯಿಂದ, ಬಂದನು, ಬಂದಳು, ಬಂದಿತು. ಆಡುಮಾತಿನಲ್ಲಿ ಪದದ ಕೊನೆಯೇ ಮೆಲ್ಲಗಾಗುವುದು ಅಥವಾ ನುಂಗಿಹೋಗುವುದು. ಮಗುವಿಗೆ 'ಮನೆ' ಎಂಬುದು ಸಿಕ್ಕಿರುತ್ತದೆ; ಮನೆಗೆ ಹೋಗಬೇಕೋ, ಮನೆಯಿಂದ ತರಬೇಕೋ ಎಂಬುದು ಸಿಕ್ಕಿರುವುದಿಲ್ಲ. ತುಟಿ ನೋಡಿ ತಿಳಿಯಬಹುದಲ್ಲ ಎಂಬ ನಂಬಿಕೆಗೂ ಮಿತಿಯಿದೆ. ಪ, ಬ, ಮ ಮೂರನ್ನೂ ಉಚ್ಚರಿಸುವಾಗ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಕಣ್ಣಿನಿಂದಷ್ಟೇ ಓದುವ ಮಗುವಿಗೆ 'ಮಳೆ'ಯೂ 'ಬಳೆ'ಯೂ ಒಂದೇ. ಕ, ಗ ಹುಟ್ಟುವುದು ಬಾಯಿಯ ಹಿಂಭಾಗದಲ್ಲಾದ್ದರಿಂದ ಅವು ಕಾಣುವುದೇ ಇಲ್ಲ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಸ್ವರಮಟ್ಟಗಳಲ್ಲಿ 70 ಡೆಸಿಬೆಲ್ ಶ್ರವಣನಷ್ಟವಿದ್ದರೆ ಕಿವುಡುತನವೆಂದೂ, 60ರಿಂದ 70 ಡೆಸಿಬೆಲ್ ಇದ್ದರೆ ಮಂದ ಶ್ರವಣವೆಂದೂ ಪರಿಗಣಿಸಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯಾದರೋ ಉತ್ತಮ ಕಿವಿಯಲ್ಲಿ 35 ಡೆಸಿಬೆಲ್‌ಗಿಂತ ಹೆಚ್ಚಿನ ನಷ್ಟವನ್ನೇ ಪುನರ್ವಸತಿಯ ಅಗತ್ಯವಿರುವ ನಷ್ಟವೆಂದು ಎಣಿಸುತ್ತದೆ. ಈ ಎರಡು ಅಳತೆಗಳ ನಡುವೆ ಬೀಳುವ, ಅಂದರೆ 35ರಿಂದ 60 ಡೆಸಿಬೆಲ್ ನಷ್ಟವಿರುವ ಮಕ್ಕಳ ವಿಚಾರ ಮುಂದೆ ಬರುತ್ತದೆ. ಕಾಗದದ ಮೇಲೆ ಅವರ ಸ್ಥಾನ ಅಸ್ಪಷ್ಟ. ತರಗತಿಯಲ್ಲಿ ಅವರ ಕಷ್ಟ ಸ್ಪಷ್ಟ.

ಶಾಲೆಗಿಂತ ಮೊದಲು ಪರೀಕ್ಷೆ

ಯಾವ ಶಾಲೆ ಎಂಬ ಪ್ರಶ್ನೆಗೆ ಮುನ್ನ ಮಗುವಿನ ಕಿವಿಯ ಸ್ಥಿತಿ ಖಚಿತವಾಗಬೇಕು. ಕಿವಿ ಸೋರುವುದು, ಶೀತದಿಂದ ನಡುಗಿವಿಯಲ್ಲಿ ದ್ರವ ತುಂಬುವುದು, ಗುಗ್ಗೆ ಗಟ್ಟಿಯಾಗಿ ಅಡ್ಡವಾಗುವುದು, ಇವುಗಳಿಂದಲೂ ಶ್ರವಣ ಕುಂದುತ್ತದೆ. ಇವುಗಳಲ್ಲಿ ಹೆಚ್ಚಿನವು ಚಿಕಿತ್ಸೆಯಿಂದ ಸರಿಹೋಗುವಂಥವು. ಮಳೆಗಾಲದಲ್ಲಿ ಕಿವಿ ಸೋರುವ ಮಗುವಿಗೆ ಬಿಸಿ ಎಣ್ಣೆ ಬಿಡುವ ರೂಢಿ ಇಂದಿಗೂ ಹಲವು ಮನೆಗಳಲ್ಲಿದೆ. ತಮಟೆ ಹರಿದಿರುವ ಕಿವಿಗೆ ಅದು ಅಪಾಯಕರ; ಅದನ್ನು ಬಿಡಬೇಕು. ನರಕ್ಕೆ ಅಥವಾ ಒಳಗಿವಿಗೆ ಸಂಬಂಧಿಸಿದ ನಷ್ಟವಾದರೆ ಔಷಧಿಯಿಂದ ಹಿಂತಿರುಗುವುದು ವಿರಳ. ಅಲ್ಲಿ ಶ್ರವಣ ಸಾಧನ ಮತ್ತು ಭಾಷಾ ತರಬೇತಿಯೇ ದಾರಿ.

'ಮಗು ಚಿಕ್ಕದು, ದೊಡ್ಡದಾದ ಮೇಲೆ ಪರೀಕ್ಷೆ ಮಾಡಿಸೋಣ' ಎಂಬ ಸಲಹೆಯನ್ನು ಒಪ್ಪುವ ಅಗತ್ಯವಿಲ್ಲ. ಉತ್ತರ ಹೇಳಲು ಬಾರದ ಶಿಶುವಿಗೂ ಓಎಇ ಮತ್ತು ಬೆರಾ ಎಂಬ ಪರೀಕ್ಷೆಗಳಿವೆ. ಮೊದಲನೆಯದು ಒಳಗಿವಿಯ ಪ್ರತಿಸ್ಪಂದನೆಯನ್ನೂ, ಎರಡನೆಯದು ಶ್ರವಣನರದಿಂದ ಮಿದುಳಿನವರೆಗಿನ ಸಂಕೇತವನ್ನೂ ಅಳೆಯುತ್ತದೆ. ಎರಡರಲ್ಲಿಯೂ ನೋವಿಲ್ಲ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ನೆರವಿನ ಆರಂಭ ಎಂಬುದು ಜಗತ್ತಿನಾದ್ಯಂತ ಒಪ್ಪಿತವಾದ ಗುರಿ. ಭಾಷೆ ಬೇರೂರುವುದು ಮೊದಲ ಕೆಲವು ವರ್ಷಗಳಲ್ಲಿ. ಆ ಕಾಲ ತಪ್ಪಿದರೆ ಕಲಿಯಲಾಗದೆಂದಲ್ಲ. ಒಂದು ವರ್ಷದ ಕೆಲಸಕ್ಕೆ ಮೂರು ವರ್ಷ ಬೇಕಾಗುತ್ತದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡುವ ವ್ಯವಸ್ಥೆಯಿದೆ. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮವು 18 ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಹುಟ್ಟು ಕಿವುಡುತನವೂ ಅದರ ಪಟ್ಟಿಯಲ್ಲಿದೆ. ತಂಡ ಬರುವ ದಿನ ಮಗುವನ್ನು ತಪ್ಪದೆ ಕಳುಹಿಸುವುದರ ಜೊತೆಗೆ 'ಕರೆದರೆ ತಿರುಗುವುದಿಲ್ಲ' ಎಂಬ ಸಂಶಯವನ್ನು ತಾಯಿಯೇ ಹೋಗಿ ಹೇಳುವುದು ಒಳ್ಳೆಯದು. ಗದ್ದಲದ ನಡುವೆ ನೂರಾರು ಮಕ್ಕಳನ್ನು ನೋಡುವ ವೈದ್ಯರಿಗೆ ಸಾಧಾರಣ ಮಟ್ಟದ ಶ್ರವಣನಷ್ಟ ಕಣ್ಣಿಗೆ ಬೀಳದಿರುವ ಸಂಭವವಿದೆ.

ನರಸಿಂಹರಾಜಪುರದಿಂದ ಹೆಚ್ಚಿನ ಪರೀಕ್ಷೆಗೆ ಹೋಗುವವರಿಗೆ ಜಿಲ್ಲಾ ಕೇಂದ್ರಕ್ಕಿಂತ ಶಿವಮೊಗ್ಗವೇ ಹತ್ತಿರ. ಅಲ್ಲಿನ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ವಿಭಾಗವಿದೆ. ಬಾಳೆಹೊನ್ನೂರಿನ ಕಡೆಯವರಿಗೆ ಆಲ್ದೂರಿನ ಮೇಲಿನಿಂದ ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಅನುಕೂಲ. ಶೃಂಗೇರಿಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು ವಾಡಿಕೆ. ಜಿಲ್ಲೆಯ ಗಡಿ ದಾಟಿ ಪರೀಕ್ಷೆ ಮಾಡಿಸಿದರೂ ವರದಿಯ ಪ್ರತಿಯನ್ನು ಜೋಪಾನವಾಗಿ ತರಬೇಕು. ಶಾಲೆಗೂ ಪ್ರಮಾಣಪತ್ರಕ್ಕೂ ಅದೇ ಆಧಾರ. ನಿರ್ಣಯ ಸಂದಿಗ್ಧವಾದಾಗ, ಅಥವಾ ಮಾತು ಮತ್ತು ಭಾಷೆಯ ತರಬೇತಿಯ ಪೂರ್ಣ ಯೋಜನೆ ಬೇಕಾದಾಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆಯಾದರೂ ಹೋಗಿಬರುವುದು ಸಾರ್ಥಕ. 1965ರಲ್ಲಿ ಆರಂಭವಾದ ಈ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶದ ಪ್ರಮುಖ ಕೇಂದ್ರ. ಕನ್ನಡ ಮಾತಾಡುವ ಮಕ್ಕಳಿಗೆ ಕನ್ನಡದಲ್ಲಿಯೇ ಪರೀಕ್ಷೆಯೂ ತರಬೇತಿಯೂ ಅಲ್ಲಿ ದೊರೆಯುವುದು ಸಣ್ಣ ಅನುಕೂಲವೇನಲ್ಲ.

ಶ್ರವಣ ಸಾಧನ ಮತ್ತು ಮಲೆನಾಡಿನ ತೇವ

ಸಾಧನ ದೊರೆತ ದಿನವೇ ಸಮಸ್ಯೆ ಮುಗಿಯಿತೆಂದು ಭಾವಿಸುವ ಕುಟುಂಬಗಳುಂಟು. ಶ್ರವಣ ಸಾಧನವು ಕನ್ನಡಕದಂತೆ ಹಾಕಿದೊಡನೆ ಸ್ಪಷ್ಟತೆ ಕೊಡುವ ವಸ್ತುವಲ್ಲ. ಅದು ಧ್ವನಿಯನ್ನು ಹೆಚ್ಚಿಸುತ್ತದೆ. ಆ ಧ್ವನಿಗೆ ಅರ್ಥ ಕೊಡುವುದನ್ನು ಮಗು ನಿಧಾನವಾಗಿ ಕಲಿಯಬೇಕು. ಮಾತಿನೊಂದಿಗೆ ಮಳೆಯ ಸದ್ದು, ಬೆಂಚು ಎಳೆಯುವ ಸದ್ದು, ಪಕ್ಕದ ತರಗತಿಯ ಮಗ್ಗಿಯೂ ಹೆಚ್ಚಾಗಿ ಕೇಳಿಸುತ್ತವೆ. ಆರಂಭದಲ್ಲಿ ಮಗು ಅದನ್ನು ಕಿತ್ತೆಸೆಯುವುದು ಸಹಜ. ಮನೆಯ ಶಾಂತ ಹೊತ್ತಿನಲ್ಲಿ ಸ್ವಲ್ಪ ಹೊತ್ತು ಹಾಕಿಸಿ, ದಿನೇದಿನೇ ಅವಧಿ ಹೆಚ್ಚಿಸಿ, ಎಚ್ಚರವಿರುವಷ್ಟು ಹೊತ್ತೂ ಧರಿಸುವ ಅಭ್ಯಾಸಕ್ಕೆ ತರಬೇಕು.

ನಮ್ಮ ಭಾಗದಲ್ಲಿ ಸಾಧನದ ಮುಖ್ಯ ಶತ್ರು ತೇವ. ರಾತ್ರಿ ಬ್ಯಾಟರಿ ತೆಗೆದು, ಬ್ಯಾಟರಿಯ ಬಾಗಿಲು ತೆರೆದಿಟ್ಟು, ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಾಧನವನ್ನು ಇಡಬೇಕು. ಮಳೆಗಾಲದಲ್ಲಿ ಬಟ್ಟೆ ಒಣಗಿಸುವಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆ ಮತ್ತು ಶಾಖದಿಂದ ಅದು ಕೆಡುತ್ತದೆ. ಕೊಡೆ ಹಿಡಿದು ಶಾಲೆಗೆ ನಡೆಯುವ ಮಗುವಿನ ಸಾಧನವನ್ನು ಜೋರು ಮಳೆಯಲ್ಲಿ ಒಣ ಡಬ್ಬಿಯಲ್ಲಿಟ್ಟು ಕಳುಹಿಸಿ, ಶಾಲೆ ತಲುಪಿದ ಮೇಲೆ ಶಿಕ್ಷಕರು ಹಾಕಿಸುವಂತೆ ಮಾತಾಡಿಕೊಂಡರೆ ಇನ್ನೂ ಒಳ್ಳೆಯದು. ಬ್ಯಾಟರಿಯ ಮೇಲಿನ ಬಣ್ಣದ ಪಟ್ಟಿಯನ್ನು ಬಳಸುವ ಹೊತ್ತಿಗೆ ಮಾತ್ರ ಕೀಳಬೇಕು. ಕಿತ್ತ ಕ್ಷಣದಿಂದಲೇ ಅದು ಖರ್ಚಾಗತೊಡಗುತ್ತದೆ.

ಸಾಧನ 'ಕುಂಯ್' ಎಂದು ಶಿಳ್ಳೆ ಹಾಕಿದರೆ ಹಾಳಾಗಿದೆಯೆಂದು ಪೆಟ್ಟಿಗೆಯಲ್ಲಿಡುವುದನ್ನು ಕಾಣುತ್ತೇವೆ. ಹೆಚ್ಚಿನ ಬಾರಿ ಕೆಟ್ಟಿರುವುದು ಸಾಧನವಲ್ಲ; ಕಿವಿಯ ಅಚ್ಚು ಸಡಿಲವಾಗಿರುತ್ತದೆ. ಮಗು ಬೆಳೆದಂತೆ ಕಿವಿಯೂ ಬೆಳೆಯುವುದರಿಂದ ಅಚ್ಚನ್ನು ಆಗಾಗ್ಗೆ ಹೊಸದಾಗಿ ಮಾಡಿಸಬೇಕು. ಚಪ್ಪಲಿ ಚಿಕ್ಕದಾದರೆ ಹೊಸದು ತರುವಂತೆಯೇ ಇದು.

ತೀವ್ರ ಅಥವಾ ಪೂರ್ಣ ಶ್ರವಣನಷ್ಟವಿದ್ದು ಸಾಧನದಿಂದ ಪ್ರಯೋಜನವಾಗದ ಪುಟ್ಟ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಇದೆ. ಕೇಂದ್ರದ ಅಡಿಪ್ ಯೋಜನೆಯಡಿಯಲ್ಲಿಯೂ, ರಾಜ್ಯದಲ್ಲಿ ಆರು ವರ್ಷದೊಳಗಿನವರಿಗೆ ಶ್ರವಣ ಸಂಜೀವಿನಿ ಯೋಜನೆಯಡಿಯಲ್ಲಿಯೂ ಇದಕ್ಕೆ ನೆರವಿದೆ. ವಯಸ್ಸು ಮೀರಿದರೆ ಅವಕಾಶ ತಪ್ಪುತ್ತದೆಯಾದ್ದರಿಂದ ಈ ಅರ್ಜಿಗಳಲ್ಲಿ ವಿಳಂಬ ಸಲ್ಲದು. ಸಾಧನದಿಂದಲೇ ಮಾತು ಕೇಳಿಸುವ ಸಾಧಾರಣ ನಷ್ಟದ ಮಗುವಿಗೆ ಈ ಶಸ್ತ್ರಚಿಕಿತ್ಸೆ ಅಲ್ಲ.

ಊರ ಶಾಲೆಯೋ, ವಿಶೇಷ ಶಾಲೆಯೋ

2016ರ ಅಧಿನಿಯಮದ 31ನೆಯ ಪ್ರಕರಣದಂತೆ ಶೇಕಡ 40 ಮತ್ತು ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. 'ಇಂತಹ ಮಗುವನ್ನು ಇಲ್ಲಿ ಸೇರಿಸಿಕೊಳ್ಳಲಾಗದು' ಎಂದು ಊರ ಶಾಲೆ ಹೇಳುವಂತಿಲ್ಲ. 'ವಿಶೇಷ ಶಾಲೆಗೇ ಕಳುಹಿಸಿ' ಎಂದು ಒತ್ತಾಯಿಸುವಂತೆಯೂ ಇಲ್ಲ. ಆಯ್ಕೆ ಕುಟುಂಬದ್ದು. ಆ ಆಯ್ಕೆಯನ್ನು ಯಾವ ಆಧಾರದ ಮೇಲೆ ಮಾಡಬೇಕು ಎಂಬುದೇ ಕಷ್ಟದ ವಿಷಯ.

ಮಲೆನಾಡಿನ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಕೊರಗು. ಮಂದ ಶ್ರವಣದ ಮಗುವಿನ ದೃಷ್ಟಿಯಿಂದ ನೋಡಿದರೆ ಅದು ದೊಡ್ಡ ಅನುಕೂಲ. ಹತ್ತು ಹನ್ನೆರಡು ಮಕ್ಕಳಿರುವ ಕೊಠಡಿಯಲ್ಲಿ ಶಿಕ್ಷಕರು ಮಗುವಿನಿಂದ ಒಂದು ಮಾರು ದೂರದಲ್ಲಿರುತ್ತಾರೆ. ಶ್ರವಣ ಸಾಧನ ಚೆನ್ನಾಗಿ ಕೆಲಸ ಮಾಡುವುದು ಆ ದೂರದಲ್ಲಿಯೇ. ಎಲ್ಲ ಮಕ್ಕಳೂ ಒಂದೇ ಊರಿನವರು, ಮಗುವಿನ ಸ್ವಭಾವ ಬಲ್ಲವರು. ನಲಿ-ಕಲಿ ಪದ್ಧತಿಯ ಕಾರ್ಡುಗಳು, ಚಿತ್ರಗಳು, ತಟ್ಟೆಗಳು ಕಣ್ಣಿಗೆ ಕಲಿಸುತ್ತವೆ. ಆದರೆ ಅದೇ ನಲಿ-ಕಲಿ ಕೊಠಡಿಯಲ್ಲಿ ಹಲವು ಗುಂಪುಗಳು ಏಕಕಾಲಕ್ಕೆ ಮಾತಾಡುತ್ತಿರುತ್ತವೆ; ಆ ಗದ್ದಲ ಸಾಧನ ಧರಿಸಿದ ಮಗುವಿಗೆ ಅಸಹನೀಯವಾಗಬಹುದು. ಒಂದೋ ಎರಡೋ ಶಿಕ್ಷಕರಿರುವ ಶಾಲೆಯಲ್ಲಿ ವಿಶೇಷ ಶಿಕ್ಷಣದ ತರಬೇತಿ ಪಡೆದವರು ಇರುವ ಸಂಭವ ಕಡಿಮೆ. ಆ ಕೊರತೆಯನ್ನು ತುಂಬಬೇಕಾದವರು ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು. ಬಿಐಇಆರ್‌ಟಿ ಎಂದರೆ ಎಲ್ಲ ಶಾಲೆಗಳಲ್ಲಿಯೂ ಗೊತ್ತಾಗುತ್ತದೆ.

ಸಾಧನದ ನೆರವಿನಿಂದ ಎದುರು ಕುಳಿತು ಆಡಿದ ಮಾತು ಬಹುಮಟ್ಟಿಗೆ ತಿಳಿಯುವ, ವಾಕ್ಯಗಳಲ್ಲಿ ಮಾತಾಡತೊಡಗಿರುವ ಮಗುವಿಗೆ ಊರ ಶಾಲೆಯೇ ಸೂಕ್ತ, ಸಂಪನ್ಮೂಲ ಶಿಕ್ಷಕರ ಭೇಟಿ ನಿಯತವಾಗಿದ್ದರೆ. ಸಾಧನ ಹಾಕಿಯೂ ಮಾತು ತಿಳಿಯದ, ಐದಾರು ವರ್ಷವಾದರೂ ಯಾವ ಭಾಷೆಯೂ ಕೈಗೆ ಬಾರದ ಮಗುವನ್ನು ಅದೇ ಶಾಲೆಯಲ್ಲಿ 'ಎಲ್ಲರ ಜೊತೆ ಇರಲಿ' ಎಂದು ಕೂರಿಸುವುದು ಹಾಜರಾತಿಯಾದೀತು, ಶಿಕ್ಷಣವಾಗದು. ಸಂಜ್ಞಾ ಭಾಷೆ ಬಲ್ಲ ಶಿಕ್ಷಕರೂ ಅದನ್ನೇ ಆಡುವ ಗೆಳೆಯರೂ ಇರುವ ವಿಶೇಷ ಶಾಲೆ ಅಂತಹ ಮಗುವಿಗೆ ಮೊದಲ ಬಾರಿಗೆ ಭಾಷೆಯೊಂದನ್ನು ಕೊಡಬಲ್ಲದು. ಸಂಜ್ಞೆ ಕಲಿತರೆ ಮಾತು ಬರುವುದಿಲ್ಲವೆಂಬ ಭಯ ಬಹಳ ಮನೆಗಳಲ್ಲಿದೆ, ಅದಕ್ಕೆ ಆಧಾರವಿಲ್ಲ. ಯಾವುದಾದರೂ ಒಂದು ಭಾಷೆ ಗಟ್ಟಿಯಾಗಿ ನೆಲೆಗೊಂಡ ಮಗುವಿಗೆ ಇನ್ನೊಂದನ್ನು ಕಲಿಯುವುದು ಸುಲಭ.

ವಿಶೇಷ ಶಾಲೆಗೆ ತೆರಬೇಕಾದ ಬೆಲೆಯೂ ಇದೆ. ಈ ಮೂರು ತಾಲ್ಲೂಕುಗಳ ಹಳ್ಳಿಗಳಿಂದ ಅಂತಹ ಶಾಲೆ ಎಂದರೆ ಬಹುತೇಕ ವಸತಿ ಶಾಲೆಯೇ. ಆರು ವರ್ಷದ ಮಗು ಮನೆ ಬಿಟ್ಟು ದೂರದ ಪಟ್ಟಣದಲ್ಲಿ ಇರಬೇಕಾಗುತ್ತದೆ. ಇದನ್ನು ನಿರ್ಧರಿಸುವ ಮುನ್ನ ತಂದೆತಾಯಿ ಇಬ್ಬರೂ ಶಾಲೆಗೆ ಹೋಗಿ ಒಂದು ದಿನ ಕಳೆಯಬೇಕು. ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ, ಮಕ್ಕಳು ಧರಿಸಿರುವ ಸಾಧನಗಳು ಕೆಲಸ ಮಾಡುತ್ತಿವೆಯೇ, ಮೇಲ್ವಿಚಾರಕರಿಗೆ ಸಂಜ್ಞಾ ಭಾಷೆ ಬರುತ್ತದೆಯೇ, ರಾತ್ರಿ ಮಗುವಿಗೆ ಹೊಟ್ಟೆನೋವು ಬಂದರೆ ಅದು ಯಾರಿಗೆ ಹೇಗೆ ತಿಳಿಸುತ್ತದೆ, ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಬಾರದಿದ್ದರೆ ಉಳಿದ ಉತ್ತರಗಳು ಚೆನ್ನಾಗಿದ್ದರೂ ಯೋಚಿಸಬೇಕು. ಮೈಸೂರಿನಲ್ಲಿ ಕಿವುಡ ಮಕ್ಕಳ ಶಾಲೆ 1901ರಷ್ಟು ಹಿಂದೆಯೇ ಆರಂಭವಾಯಿತು. ಇಂದು ಮೈಸೂರು, ಬೆಳಗಾವಿ, ಕಲಬುರಗಿ ಮೊದಲಾದೆಡೆ ಸರ್ಕಾರಿ ಶಾಲೆಗಳೂ, ಬೇರೆ ಜಿಲ್ಲೆಗಳಲ್ಲಿ ಅನುದಾನಿತ ಶಾಲೆಗಳೂ ಇವೆ. ಮಾನ್ಯತೆ ಪಡೆದ ಶಾಲೆಗಳ ಈಗಿನ ಪಟ್ಟಿಯನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಪಡೆಯಬಹುದು.

ಮೂರನೆಯ ದಾರಿಯೊಂದು ಹೆಚ್ಚು ಜನರಿಗೆ ತಿಳಿದಿಲ್ಲ. ಶಾಲೆಗೆ ಸೇರುವ ವಯಸ್ಸಿಗಿಂತ ಚಿಕ್ಕ ಮಗುವಿಗೆ ಕಲಿಸುವ ವಿಧಾನವನ್ನು ತಾಯಿಗೇ ಕಲಿಸುವುದು ಆ ದಾರಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪೂರ್ವ ಶಾಲೆಯಲ್ಲಿ ಪೋಷಕರು ಮಗುವಿನೊಂದಿಗೆ ಕುಳಿತು ಕಲಿಯುತ್ತಾರೆ. ಮೈಸೂರಿನಲ್ಲಿಯೇ ಕಿವುಡು ಮಕ್ಕಳ ಪೋಷಕರ ಸಂಘದ ತಾಯಂದಿರ ತರಬೇತಿ ಶಾಲೆಯೂ ಇದೆ. ತಾಯಂದಿರು ಅಲ್ಲಿ ಮಗುವಿನೊಡನೆ ನೆಲೆಸಿ ಪಾಠ ಹೇಳುವುದನ್ನು ಅಭ್ಯಾಸ ಮಾಡುತ್ತಾರೆ. ತೋಟದ ಕೂಲಿಗೆ ಹೋಗುವ ತಾಯಿಗೆ ಊರು ಬಿಟ್ಟು ವರ್ಷಗಟ್ಟಲೆ ಇರುವುದು ಸಾಧ್ಯವಾಗದ ಮಾತು. ಅದನ್ನು ಮರೆಮಾಚಿ ಸಲಹೆ ಕೊಡುವುದರಲ್ಲಿ ಅರ್ಥವಿಲ್ಲ. ಅಂತಹವರು ಕೆಲವು ದಿನಗಳ ಮಾರ್ಗದರ್ಶನ ಪಡೆದು, ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳನ್ನು ಬರೆಸಿಕೊಂಡು ಬಂದು, ಅಂಗನವಾಡಿ ಕಾರ್ಯಕರ್ತೆಯೊಂದಿಗೆ ಹಂಚಿಕೊಳ್ಳುವುದು ಕಾರ್ಯಸಾಧ್ಯ. ವಿಕಲಚೇತನ ಮಕ್ಕಳಿಗಾಗಿ ಅಂಗನವಾಡಿ ಶಿಷ್ಟಾಚಾರವನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ್ದು, ಇಂತಹ ಮಗುವನ್ನು ಗುರುತಿಸಿ ಸೇರಿಸಿಕೊಳ್ಳುವುದು ಅಂಗನವಾಡಿಯ ಕೆಲಸದ ಭಾಗವೇ ಆಗಿದೆ.

ಭಾಷೆಯ ಬಗ್ಗೆ ಇನ್ನೊಂದು ಮಾತು. ಈ ತಾಲ್ಲೂಕಿನಲ್ಲಿ ಮನೆಮಾತು ಮಲಯಾಳ, ತುಳು, ಕೊಂಕಣಿ, ಉರ್ದು ಆಗಿರುವ ಕುಟುಂಬಗಳು ಅನೇಕ. ಮನೆಯಲ್ಲಿ ಒಂದು, ಅಂಗನವಾಡಿಯಲ್ಲಿ ಕನ್ನಡ, ನಂತರ ಇಂಗ್ಲಿಷ್ ಮಾಧ್ಯಮದ ಶಾಲೆ ಎಂದಾದರೆ, ಕೇಳಿಸುವುದೇ ಅರ್ಧವಾಗಿರುವ ಮಗು ಮೂರು ಭಾಷೆಗಳ ಅರ್ಧರ್ಧವನ್ನು ಹೊತ್ತುಕೊಳ್ಳಬೇಕಾಗುತ್ತದೆ. ಆರಂಭದ ವರ್ಷಗಳಲ್ಲಿ ಮನೆಯವರು ಸಹಜವಾಗಿ ಆಡುವ ಭಾಷೆಯನ್ನು ಗಟ್ಟಿಮಾಡಿ, ಶಾಲೆಯ ಭಾಷೆಯನ್ನು ಅದಕ್ಕೆ ಜೋಡಿಸುವುದು ಮೇಲು. ಪ್ರತಿಷ್ಠೆಗಾಗಿ ಮಾಧ್ಯಮ ಬದಲಿಸುವ ಮೊದಲು ವಾಕ್ ತಜ್ಞರ ಅಭಿಪ್ರಾಯ ಕೇಳಬೇಕು.

ತರಗತಿಯೊಳಗೆ

ಶಿಕ್ಷಕರು ಮಾಡಬೇಕಾದುದರಲ್ಲಿ ಬಹುಭಾಗಕ್ಕೆ ಹಣ ಬೇಡ. ಮಗುವನ್ನು ಮುಂದಿನ ಸಾಲಿನಲ್ಲಿ, ಚೆನ್ನಾಗಿ ಕೇಳಿಸುವ ಕಿವಿ ಶಿಕ್ಷಕರ ಕಡೆಗಿರುವಂತೆ, ಕಿಟಕಿಯ ಬೆಳಕು ಶಿಕ್ಷಕರ ಮುಖದ ಮೇಲೆ ಬೀಳುವಂತೆ ಕೂರಿಸಬೇಕು. ಬೆಳಕು ಶಿಕ್ಷಕರ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಂಡು ತುಟಿ ತಿಳಿಯದು. ಕಪ್ಪುಹಲಗೆಗೆ ತಿರುಗಿ ಬರೆಯುತ್ತಾ ಮಾತಾಡಬಾರದು. ಕೂಗಿ ಹೇಳುವುದರಿಂದ ಪ್ರಯೋಜನವಿಲ್ಲ. ಕೂಗಿದರೆ ಸ್ವರಗಳಷ್ಟೇ ಜೋರಾಗುತ್ತವೆ, ವ್ಯಂಜನಗಳು ಇನ್ನಷ್ಟು ಮಸಕಾಗುತ್ತವೆ. ಸಾಮಾನ್ಯ ದನಿಯಲ್ಲಿ, ಸ್ವಲ್ಪ ನಿಧಾನವಾಗಿ, ಪದದ ಕೊನೆಯನ್ನು ನುಂಗದೆ ಹೇಳಿದರೆ ಸಾಕು. 'ತಿಳಿಯಿತೇ?' ಎಂದು ಕೇಳಿದರೆ ಎಲ್ಲ ಮಕ್ಕಳೂ ತಲೆಯಾಡಿಸುತ್ತಾರೆ. ಈ ಮಗು ಎಲ್ಲರಿಗಿಂತ ಮೊದಲು ಆಡಿಸುತ್ತದೆ. 'ನಾನು ಏನು ಹೇಳಿದೆ, ಹೇಳು ನೋಡೋಣ' ಎಂದು ಕೇಳಬೇಕು. ಉಕ್ತಲೇಖನ ಹೇಳುವಾಗ ಕೊಠಡಿಯಲ್ಲಿ ಅಡ್ಡಾಡುವ ರೂಢಿಯನ್ನು ಬಿಟ್ಟು ಮಗುವಿನ ಎದುರು ನಿಂತು ಹೇಳಬೇಕು. ಹಾಗೆ ಮಾಡಿದ ಮೇಲೂ 'ಮಳೆ'ಯ ಬದಲು 'ಬಳೆ' ಎಂದು ಬರೆದಿದ್ದರೆ ಅದು ಕಾಗುಣಿತದ ತಪ್ಪೆಂದು ಕೆಂಪು ಗೆರೆ ಎಳೆಯುವ ಮುನ್ನ ಯೋಚಿಸಬೇಕು.

ಮಂದ ಶ್ರವಣದ ಮಗುವಿಗೆ ಶಿಕ್ಷಕರ ದನಿ ಸುತ್ತಲಿನ ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್ ಹೆಚ್ಚಿರಬೇಕೆಂಬುದು ತಜ್ಞರ ಸಲಹೆ. ಜುಲೈ ತಿಂಗಳ ಮಳೆಯಲ್ಲಿ ತಗಡಿನ ಮಾಡಿನಡಿ ಇದು ಆಗದ ಕೆಲಸ. ಮಳೆ ಜೋರಾದ ಹೊತ್ತಿನಲ್ಲಿ ಹೊಸ ಪಾಠ ಹೇಳದೆ ಬರವಣಿಗೆ, ಚಿತ್ರ, ಕಾರ್ಡುಗಳ ಕೆಲಸ ಕೊಡುವುದೂ, ಶಾಲೆಯಲ್ಲಿ ಹೆಂಚಿನ ಅಥವಾ ತಾರಸಿಯ ಕೊಠಡಿಯಿದ್ದರೆ ಆ ತರಗತಿಯನ್ನು ಅಲ್ಲಿಗೆ ಬದಲಿಸುವುದೂ ಶಿಕ್ಷಕರ ಕೈಯಲ್ಲಿರುವ ಪರಿಹಾರಗಳು. ಶಿಕ್ಷಕರ ಕೊರಳಿನ ಮೈಕ್‌ನಿಂದ ಮಗುವಿನ ಸಾಧನಕ್ಕೆ ನೇರವಾಗಿ ಧ್ವನಿ ಕಳುಹಿಸುವ ಉಪಕರಣಗಳೂ ಇವೆ. ಬೆಲೆ ಹೆಚ್ಚಾದರೂ ದಾನಿಗಳನ್ನು ಕೇಳುವಾಗ ಗೋಡೆಗೆ ಬಣ್ಣ ಬಳಿಸುವುದಕ್ಕಿಂತ ಮೊದಲು ಇದನ್ನು ಕೇಳಬಹುದು.

ಪ್ರತಿ ಬೆಳಗ್ಗೆ ಅರ್ಧ ನಿಮಿಷದ ಒಂದು ಪರೀಕ್ಷೆ ಎಲ್ಲಕ್ಕಿಂತ ಉಪಯುಕ್ತ. ಶಿಕ್ಷಕರು ಬಾಯಿಗೆ ಕಾಗದ ಅಡ್ಡ ಹಿಡಿದು ಆ, ಊ, ಈ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ ಹೇಳಬೇಕು. ಮಗು ಹಾಗೆಯೇ ಹೇಳಬೇಕು, ಇಲ್ಲವೇ ಕೇಳಿಸಿತೆಂದು ಕೈ ಎತ್ತಬೇಕು. ಮಾತಿನ ಎಲ್ಲ ಸ್ವರಮಟ್ಟಗಳೂ ಈ ಆರರಲ್ಲಿ ಅಡಗಿವೆ. ನಿನ್ನೆ 'ಸ್' ಹೇಳಿದ ಮಗು ಇಂದು ಹೇಳದಿದ್ದರೆ ಬ್ಯಾಟರಿ ಮುಗಿದಿದೆ, ಅಚ್ಚಿನ ರಂಧ್ರ ಕಟ್ಟಿದೆ, ಅಥವಾ ಮಗುವಿಗೆ ಶೀತವಾಗಿದೆ. ಇಡೀ ದಿನ ಕೇಳಿಸದೆ ಕುಳಿತು ಸಂಜೆ ಮನೆಗೆ ಹೋಗುವುದು ಇಷ್ಟರಿಂದ ತಪ್ಪುತ್ತದೆ.

ಯಾರ ಬಳಿ ಏನು ಕೇಳಬೇಕು

ಮೊದಲ ಸಂಪರ್ಕ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು; ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ, ವೈದ್ಯಕೀಯ ಮಂಡಳಿಯ ದಿನ, ಸಾಧನ ಸಲಕರಣೆಗಳ ಅರ್ಜಿ ಇವುಗಳಿಗೆ ಅವರು ನೆರವಾಗುತ್ತಾರೆ. ಶಾಲೆಯ ಕಡೆಯಿಂದ ಮುಖ್ಯ ಶಿಕ್ಷಕರು ಮಗುವಿನ ಹೆಸರನ್ನು ವಿಶೇಷ ಅಗತ್ಯವುಳ್ಳ ಮಗು ಎಂದು ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯಲ್ಲಿ ನಮೂದಿಸಬೇಕು. ಇದು ಸಣ್ಣ ಕೆಲಸವೆನಿಸಿದರೂ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಹೆಸರಿಲ್ಲದ ಮಗುವಿಗೆ ತಪಾಸಣಾ ಶಿಬಿರದ ಕರೆ ಬರುವುದಿಲ್ಲ, ಸಂಪನ್ಮೂಲ ಶಿಕ್ಷಕರ ಭೇಟಿಯ ಪಟ್ಟಿಯಲ್ಲಿ ಶಾಲೆ ಇರುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಇಂತಹ ಪ್ರತಿ ಮಗುವಿನ ಅಗತ್ಯಗಳಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ವೆಚ್ಚದ ಅವಕಾಶವೂ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯ ಪ್ರೋತ್ಸಾಹಧನವೂ ಇದೆ. ಈ ಹಣ ಮಗುವಿನ ಹೆಸರಿನಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಕೇಳುವುದು ತಪ್ಪಲ್ಲ.

ಗ್ರಾಮ ಪಂಚಾಯಿತಿಗಳು ಸ್ವಂತ ಸಂಪನ್ಮೂಲದ ಶೇಕಡ 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕಾಗಿದೆ. ಈ ಮೊತ್ತ ಸಣ್ಣ ಪಂಚಾಯಿತಿಗಳಲ್ಲಿ ಹೆಚ್ಚಿರುವುದಿಲ್ಲ; ಆದರೆ ಒಂದು ಮಗುವಿನ ಬ್ಯಾಟರಿ, ಕಿವಿಯಚ್ಚು, ಪರೀಕ್ಷೆಗೆ ಹೋಗಿಬರುವ ಖರ್ಚಿನ ಬೇಡಿಕೆಯನ್ನು ವಿಕಲಚೇತನರ ಗ್ರಾಮ ಸಭೆಯಲ್ಲಿ ಲಿಖಿತವಾಗಿ ಮಂಡಿಸಿದರೆ ಅದು ಚರ್ಚೆಗೆ ಬರುತ್ತದೆ. ಉಚಿತವಾಗಿ ಬಂದ ಸಾಧನಗಳು ಮೂಲೆ ಸೇರುವುದು ಬಹುಮಟ್ಟಿಗೆ ಬ್ಯಾಟರಿಯ ಹಣವಿಲ್ಲದೆ. ಪ್ರಯಾಣಕ್ಕೆ ಶಕ್ತಿ ಯೋಜನೆಯಡಿ ತಾಯಿ ಮತ್ತು ಹೆಣ್ಣುಮಗು ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಹೋಗಬಹುದಾದರೂ, ನಮ್ಮ ಹಲವು ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ ಎಂಬುದನ್ನು ಲೆಕ್ಕ ಹಾಕುವಾಗ ಮರೆಯಬಾರದು.

ಈಗ 35ರಿಂದ 60 ಡೆಸಿಬೆಲ್‌ನ ಮಕ್ಕಳು. ಇವರಿಗೆ ಶೇಕಡ 40ರ ಪ್ರಮಾಣಪತ್ರ ಸಿಗುವ ಸಂಭವ ಕಡಿಮೆ. ಆದ್ದರಿಂದ ಪಿಂಚಣಿ, ರಿಯಾಯಿತಿ ಪಾಸು ಮೊದಲಾದವೂ ಇಲ್ಲ. ಪ್ರಮಾಣಪತ್ರವಿಲ್ಲವೆಂದರೆ ನೆರವಿನ ಅಗತ್ಯವಿಲ್ಲವೆಂದು ಅರ್ಥವಲ್ಲ. ಮುಂದಿನ ಸಾಲಿನ ಜಾಗಕ್ಕೆ, ಎದುರು ನಿಂತು ಹೇಳುವ ಉಕ್ತಲೇಖನಕ್ಕೆ, ಬೆಳಗಿನ ಆರು ಧ್ವನಿಗಳ ಪರೀಕ್ಷೆಗೆ ಯಾವ ಪ್ರಮಾಣಪತ್ರವೂ ಬೇಡ. ಪೋಷಕರು ಆಡಿಯೋಗ್ರಾಮ್‌ನ ಪ್ರತಿಯೊಂದಿಗೆ 'ಮಗುವಿಗೆ ಇಂತಿಂತಹ ಅನುಕೂಲ ಬೇಕು' ಎಂದು ಮುಖ್ಯ ಶಿಕ್ಷಕರಿಗೆ ಒಂದು ಪುಟದ ಪತ್ರ ಕೊಟ್ಟು ಸ್ವೀಕೃತಿ ಪಡೆಯಬೇಕು. ವರ್ಷವರ್ಷವೂ ಶಿಕ್ಷಕರು ಬದಲಾಗುತ್ತಾರೆ, ಪತ್ರ ಕಡತದಲ್ಲಿ ಉಳಿಯುತ್ತದೆ. ತೋಟದ ಕೆಲಸಕ್ಕಾಗಿ ಊರಿಂದ ಊರಿಗೆ ಹೋಗುವ ಕುಟುಂಬದವರು ವರ್ಗಾವಣೆ ಪತ್ರದೊಂದಿಗೆ ಈ ಪತ್ರದ ಪ್ರತಿಯನ್ನೂ ಕೇಳಿ ಪಡೆಯಬೇಕು.

ಮೇಲಿನ ತರಗತಿಗಳಿಗೆ ಬಂದಾಗ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಮೊದಲಾದ ಅವಕಾಶಗಳನ್ನು ಅಧಿನಿಯಮದ 17ನೆಯ ಪ್ರಕರಣ ಹೇಳುತ್ತದೆ. ಇದಕ್ಕೆ ಪ್ರಮಾಣಪತ್ರ ಅಗತ್ಯ. ಹತ್ತನೆಯ ತರಗತಿಯ ನೋಂದಣಿಯ ಹೊತ್ತಿನಲ್ಲಿ ಓಡಾಡುವ ಬದಲು ಮೊದಲೇ ಮಾಡಿಸಿಡುವುದು ಜಾಣತನ. ಸಂಜ್ಞಾ ಭಾಷೆಯಲ್ಲಿ ಕಲಿಯುವ ಮಕ್ಕಳಿಗಾಗಿ ಪಿಎಂ ಇ-ವಿದ್ಯಾದ 31ನೆಯ ವಾಹಿನಿ 2024ರ ಡಿಸೆಂಬರ್‌ನಿಂದ ಪ್ರಸಾರವಾಗುತ್ತಿದೆ. ಮನೆಯವರೂ ಜೊತೆಗೆ ಕುಳಿತು ನೋಡಿದರೆ ಮಗುವಿಗೆ ಮನೆಯಲ್ಲಿ ಮಾತಾಡುವವರು ಸಿಗುತ್ತಾರೆ.

ಶಾಲೆ ಸೇರಿಸಿಕೊಳ್ಳದಿದ್ದರೆ ಅಥವಾ ಕೇಳಿದ ಅನುಕೂಲ ದೊರೆಯದಿದ್ದರೆ ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ನಂತರ ಉಪನಿರ್ದೇಶಕರಿಗೆ ಲಿಖಿತ ಮನವಿ ಸಲ್ಲಿಸಬೇಕು. ಅಲ್ಲಿಯೂ ಪರಿಹಾರವಾಗದಿದ್ದಲ್ಲಿ ಅಧಿನಿಯಮದಡಿಯಲ್ಲಿರುವ ರಾಜ್ಯ ಆಯುಕ್ತರಿಗೆ ದೂರು ನೀಡಬಹುದು. ಇದಕ್ಕೆ ವಕೀಲರ ಅಗತ್ಯವಿಲ್ಲ. ದೂರಿನೊಂದಿಗೆ ಇಡಬೇಕಾದುದು ಮೂರು ಕಾಗದಗಳು: ಆಡಿಯೋಗ್ರಾಮ್, ಶಾಲೆಗೆ ಕೊಟ್ಟ ಪತ್ರದ ಸ್ವೀಕೃತಿ ಪ್ರತಿ, ಮತ್ತು ಇದ್ದಲ್ಲಿ ವಿಶಿಷ್ಟ ಗುರುತಿನ ಚೀಟಿ. ಇವನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟುಕೊಳ್ಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಗೋದ್ರೇಜ್ ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ.